ಗೆಲ್ಲಿಸುವ ಆಟ

ಶೈಲಜಾ ಕುಸುಗಲ್ ಒಂದರ ಹಿಂದೊಂದು ಆಟ ಗೆಲ್ಲತೊಡಗಿದಾಗ ಅವಳಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು.

ಗದಗಿನ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದೊಂದು ಝೆರಾಕ್ಸ್ ಅಂಗಡಿ ಇತ್ತು. ಆಧಾರ್ ಪ್ರತಿ ತೆಗೆಯುವುದು, ಪಹಣಿ ಮುದ್ರಿಸಿಕೊಡುವುದು, ಕೆಲಸಕ್ಕೆ ಅರ್ಜಿ ಹಾಕುವವರಿಗೆ ಫೋಟೋ ಸೇರಿಸಿಕೊಡುವುದು ಅವಳ ಕಸುಬು. ಗಿರಾಕಿಗಳು ಬಂದರೆ ಒಟ್ಟಿಗೆ ಬರುತ್ತಿದ್ದರು, ಇಲ್ಲದಿದ್ದರೆ ಓಣಿಯಲ್ಲಿ ನಾಯಿಯೂ ಸುಳಿಯುತ್ತಿರಲಿಲ್ಲ. ಆ ಖಾಲಿ ಹೊತ್ತಿನಲ್ಲಿ ಅವಳು ಬ್ರೌಸರ್ ಆಟಗಳನ್ನು ಆಡುತ್ತಿದ್ದಳು. ಇಳಿಸಿಕೊಳ್ಳುವ ರಗಳೆಯಿಲ್ಲ, ಹಣ ಕಟ್ಟಬೇಕಿಲ್ಲ, ಕಿಟಕಿ ತೆರೆದಂತೆ ತೆರೆದರೆ ಆಟ ಶುರು. ಗಿರಾಕಿ ಬಂದರೆ ಮುಚ್ಚಿದರಾಯಿತು.

ಆಡುವುದಷ್ಟೇ ಆಗಿದ್ದರೆ ಅವಳನ್ನು ಯಾರೂ ಗಮನಿಸುತ್ತಿರಲಿಲ್ಲ. ಆಡಿದ್ದರ ಬಗ್ಗೆ ಅವಳು ಬರೆಯುತ್ತಲೂ ಇದ್ದಳು. ‘ಪುಕ್ಕಟೆ ಪಂಚಾಯ್ತಿ’ ಎಂದು ಅವಳದೊಂದು ಪುಟವಿತ್ತು. ಆಟ ಹಿಡಿಸದಿದ್ದರೆ ಅದರ ಮೇಲೆ ನಿರ್ದಾಕ್ಷಿಣ್ಯವಾಗಿ ಬರೆಯುತ್ತಿದ್ದಳು. ‘ಪುಕ್ಕಟೆ ಆಟಕ್ಕೆ ತಪ್ಪು ಹುಡುಕಬಾರದು ಎಂದು ಕೆಲವರು ನನಗೆ ಬುದ್ಧಿ ಹೇಳುತ್ತಾರೆ. ಮದುವೆ ಊಟವೂ ಪುಕ್ಕಟೆಯೇ. ಸಾರಿಗೆ ಉಪ್ಪಿಲ್ಲದಿದ್ದರೆ ನೀವು ಸುಮ್ಮನೆ ಉಂಡು ಬರುತ್ತೀರಾ?’ ಎಂದು ಒಮ್ಮೆ ಬರೆದಿದ್ದಳು. ಬಿಲ್ಲುಗಾರನ ಆಟವೊಂದರ ಬಗ್ಗೆ ಅವಳು ಬರೆದ ಮಾತು ಬಹಳ ಜನಕ್ಕೆ ಬಾಯಿಪಾಠವಾಗಿತ್ತು: ‘ಇಪ್ಪತ್ತು ಸಲ ಸೋತೆ. ಇಪ್ಪತ್ತೂ ಸಲ ಕೂದಲೆಳೆಯಷ್ಟರಲ್ಲೇ ಸೋತೆ. ಮನುಷ್ಯರು ಹಾಗೆ ಸೋಲುವುದಿಲ್ಲ. ಒಮ್ಮೆಯಾದರೂ ಮಾನ ಹೋಗುವಂತೆ ಸೋಲುತ್ತಾರೆ. ಇದು ಸೋಲಲ್ಲ, ಇನ್ನೊಮ್ಮೆ ಆಡಿಸಲು ಹಾಕಿದ ಗಾಳ.’

ಅವಳಿಗೆ ಬಹಳ ಇಷ್ಟವಾದ ಆಟ ‘ಗಿರಣಿ ಹಕ್ಕಿ’. ಹುಬ್ಬಳ್ಳಿಯ ಚಾವಡಿ ಎಂಬ ಕಂಪನಿ ಮಾಡಿದ ಆಟ ಅದು. ಅರಳೆ ಗಿರಣಿಯೊಂದರಲ್ಲಿ ಪುಟ್ಟ ಹಕ್ಕಿ ಸಿಕ್ಕಿಹಾಕಿಕೊಂಡಿದೆ. ತಿರುಗುವ ಚಕ್ರಗಳ ಸಂದಿಯಲ್ಲಿ ತೂರಿಕೊಂಡು ಅದು ಮೇಲಿನ ಗವಾಕ್ಷಿ ತಲುಪಬೇಕು. ಮೌಸನ್ನು ಸರಿಯಾದ ಗಳಿಗೆಯಲ್ಲಿ ಒತ್ತಬೇಕು, ಸರಿಯಾದ ಗಳಿಗೆಯಲ್ಲಿ ಬಿಡಬೇಕು. ಅಷ್ಟೇ ಆಟ. ಆದರೆ ಗವಾಕ್ಷಿ ಕಂಡವರು ಕಡಿಮೆ. ಮೂರು ವರ್ಷ ಆಡಿದರೂ ಶೈಲಜಾ ಅದನ್ನು ದೂರದಿಂದ ಕೂಡ ಕಂಡಿರಲಿಲ್ಲ. ‘ಈ ಆಟ ನನ್ನನ್ನು ಪ್ರಾಮಾಣಿಕವಾಗಿ ಸೋಲಿಸುತ್ತದೆ. ಅದಕ್ಕೇ ಇದರ ಮೇಲೆ ನನಗೆ ಗೌರವ’ ಎಂದು ಬರೆದಿದ್ದಳು.

ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಹಕ್ಕಿ ಗವಾಕ್ಷಿ ದಾಟಿ ಆಕಾಶಕ್ಕೆ ಹಾರಿತು. ಮರುದಿನ ಮತ್ತೆ ಹಾರಿತು. ಅದರ ಮರುದಿನವೂ ಹಾರಿತು.

ಸಂಜೆ ಅಂಗಡಿಗೆ ಬಂದ ಗಂಡ ಮಹಾಂತೇಶ ಅವಳ ಮುಖ ನೋಡಿ ಗಾಬರಿಯಾದ. ಅವನು ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ. ಇಡೀ ದಿನ ಮಕ್ಕಳನ್ನು ಓಡಿಸಿ ದಣಿದು ಬಂದಿದ್ದ.

“ಯಾಕ, ಏನಾತು? ಯಾರರೆ ಏನರೆ ಅಂದ್ರೇನು?”

“ಗೆದ್ದೆ.”

“ಗೆದ್ರ ಪೇಡೆ ಹಂಚಬೇಕಲಾ. ಹಿಂಗ್ಯಾಕ ಮಾರಿ ಮಾಡ್ಕೊಂಡಿ?”

“ನಾ ಗೆದ್ದಿಲ್ಲರೀ. ನನ್ನ ಗೆಲ್ಲಿಸ್ಯಾರ.”

ಮಹಾಂತೇಶನಿಗೆ ಅರ್ಥವಾಗಲಿಲ್ಲ. ಶೈಲಜಾ ಅಂದೇ ಪುಟದಲ್ಲಿ ಬರೆದಳು. ‘ಪುಕ್ಕಟೆ ಆಟಗಳು ಇಷ್ಟು ದಿನ ನಮಗೆ ಮೋಸ ಮಾಡುತ್ತಿದ್ದವು. ಈಗ ಮುಖಸ್ತುತಿ ಮಾಡುತ್ತಿವೆ. ಚಾವಡಿಯವರ ಯಾವ ಆಟ ತೆರೆದರೂ ಚೆಂಡು ನನಗಾಗಿ ಕಾಯುತ್ತದೆ, ಚಕ್ರ ನನಗಾಗಿ ತಡೆಯುತ್ತದೆ. ಇದು ಎಲ್ಲಕ್ಕಿಂತ ದೊಡ್ಡ ದೋಷ.’

ಓದುಗರು ಒಪ್ಪಲಿಲ್ಲ. ತಮಗೆ ಆಟ ಮೊದಲಿನಷ್ಟೇ ಕಠಿಣವಾಗಿದೆ ಎಂದು ಸಾಲುಸಾಲಾಗಿ ಬರೆದರು. ‘ಅಕ್ಕಾರಿಗೆ ಸೊಕ್ಕು ಬಂದೈತಿ’ ಎಂದು ಒಬ್ಬ ಚುಚ್ಚಿದ. ಒಪ್ಪಿದವರು ಒಬ್ಬರೇ, ಇಳಕಲ್ಲಿನ ವಿರೂಪಾಕ್ಷಪ್ಪ ಕಂಠಿ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಯ ಹೊರಗಿನ ಕೋಣೆಯಲ್ಲಿ ಕೂತು ಆಟ ಆಡುತ್ತ ದಿನ ಕಳೆಯುತ್ತಿದ್ದರು. ಶೈಲಜಾ ಏನು ಬರೆದರೂ ಬೆಳಿಗ್ಗೆ ಎದ್ದೊಡನೆ ಓದಿ ಎರಡು ಮಾತು ಬರೆಯುತ್ತಿದ್ದರು. ಈ ಸಲವೂ ಬರೆದರು: ‘ತಂಗೀ, ನನಗೂ ಹಂಗ ಆಗೇದ. ದಿನಾ ಗೆಲ್ಲಾಕತ್ತೀನಿ. ಮುದುಕನ ಮ್ಯಾಲೆ ದೇವರು ಕಣ್ ತೆರದಾನ ಅಂತ ತಿಳ್ಕೊಂಡೀನಿ. ನೀ ಯಾಕ ಬ್ಯಾಸರ ಮಾಡ್ಕೋತಿ?’

ಶೈಲಜಾಗೆ ಸಮಾಧಾನವಾಗಲಿಲ್ಲ. ಮುಂದಿನ ಭಾನುವಾರ ಮಹಾಂತೇಶನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಎರಡನೇ ಕಂಪ್ಯೂಟರಿನಲ್ಲಿ ಅವನ ಹೆಸರಿನಲ್ಲಿ ಖಾತೆ ತೆರೆದಳು. ಇಬ್ಬರೂ ಪಕ್ಕಪಕ್ಕ ಕೂತು ಒಂದೇ ಆಟವನ್ನು ಒಟ್ಟಿಗೆ ಆರಂಭಿಸಿದರು. ಮೊದಲೆರಡು ಚಕ್ರಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂರನೆಯದರಲ್ಲಿ ಇಬ್ಬರಿಗೂ ಕಂಡಿತು. ಅವನ ಪರದೆಯ ಚಕ್ರ ಒಂದೇ ಸಮನೆ ತಿರುಗುತ್ತಿತ್ತು. ಅವಳದು ಹಕ್ಕಿ ಹತ್ತಿರ ಬಂದಾಗ ರೆಪ್ಪೆ ಮಿಟುಕಿಸುವಷ್ಟು ಹೊತ್ತು ತಡೆದು, ಹಕ್ಕಿ ದಾಟಿದ ಮೇಲೆ ಮತ್ತೆ ವೇಗ ಹಿಡಿಯುತ್ತಿತ್ತು.

“ಏ, ಇದು ನಿನ್ನ ಕಾಯಾಕತ್ತೈತಲ!” ಮಹಾಂತೇಶ ನಕ್ಕ.

“ಏಳ್ರಿ, ನಾ ಅಲ್ಲೆ ಕೂಡ್ತೀನಿ.”

ಅವನ ಖಾತೆಯಲ್ಲಿ ಅವಳು ಆಡಿದಳು. ಹಕ್ಕಿ ನಾಲ್ಕನೇ ಚಕ್ರಕ್ಕೆ ಬಡಿದು ಬಿತ್ತು. ಇನ್ನೊಮ್ಮೆ ಆಡಿದಳು. ಮತ್ತೆ ಅಲ್ಲೇ ಬಿತ್ತು. ಒಂದು ಕಾಲಕ್ಕೆ ಅವಳು ಕಣ್ಣು ಮುಚ್ಚಿ ದಾಟುತ್ತಿದ್ದ ಚಕ್ರ ಅದು.

ಆ ಸಂಜೆ ಅವಳು ಚಾವಡಿ ಕಂಪನಿಗೆ ಒಂದು ದೂರು ಬರೆದಳು. ‘ನಿಮ್ಮ ಆಟ ನನ್ನನ್ನು ಬೇಕೆಂತಲೇ ಗೆಲ್ಲಿಸುತ್ತಿದೆ. ಯಾಕೆಂದು ತಿಳಿಸಿ. ನಿಲ್ಲಿಸಿ.’

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಆ ದೂರನ್ನು ಓದಿದವನು ತನ್ವೀರ್ ಮುಲ್ಲಾ. ಚಾವಡಿಯ ಆಟಗಳನ್ನು ಯಾರು ಎಲ್ಲಿ ಎಷ್ಟು ಹೊತ್ತು ಆಡುತ್ತಿದ್ದಾರೆ ಎಂದು ತೋರಿಸುವ ದೊಡ್ಡ ಪರದೆ ಅವನ ಮೇಜಿನೆದುರಿನ ಗೋಡೆಯಲ್ಲಿತ್ತು. ರಾಜ್ಯದ ನಕ್ಷೆಯ ತುಂಬ ಹಸಿರು ಚುಕ್ಕಿಗಳು. ಅವುಗಳ ನಡುವೆ ಅಲ್ಲಲ್ಲಿ ಹಳದಿ ಚುಕ್ಕಿಗಳು. ಹಳದಿಯ ಅರ್ಥ ಆ ಕೋಣೆಯಲ್ಲಿ ಕೂರುವ ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು.

ಮೌಸನ್ನು ಒಂದು ಗುರುತಿನತ್ತ ಒಯ್ಯುವಾಗ ಮನುಷ್ಯನ ಕೈ ನೇರವಾಗಿ ಹೋಗುವುದಿಲ್ಲ. ಮೊದಲು ಒಂದು ದೊಡ್ಡ ನೆಗೆತ, ಆಮೇಲೆ ಗುರುತಿನ ಹತ್ತಿರ ಎರಡು ಮೂರು ಸಣ್ಣ ತಿದ್ದುಪಡಿ. ಆ ನೆಗೆತ ಶುರುವಾಗುವ ಮೊದಲಿನ ತಡ, ತಿದ್ದುಪಡಿಗಳ ಒರಟುತನ, ಗುಂಡಿಯನ್ನು ಒತ್ತಿ ಬಿಡುವ ನಡುವಿನ ಅಂತರ, ಇವು ಒಬ್ಬೊಬ್ಬರಿಗೆ ಒಂದೊಂದು ತರ. ಚಾವಡಿಯ ಆಟಗಳು ಇದನ್ನೆಲ್ಲ ಅಳೆಯುತ್ತಿದ್ದವು. ಯಾವ ಹಂತ ಯಾರಿಗೆ ಕಷ್ಟ ಎಂದು ತಿಳಿಯಲು ಆರಂಭಿಸಿದ ಅಳತೆ ಅದು. ಆಫೀಸಿನಲ್ಲಿ ಯಾರೋ ತಮಾಷೆಗೆ ಅದನ್ನು ‘ಕೈಗುಣ’ ಎಂದು ಕರೆದರು, ಹೆಸರು ನಿಂತುಬಿಟ್ಟಿತು.

ವರ್ಷಗಟ್ಟಲೆ ಅಳೆದ ಮೇಲೆ ತನ್ವೀರ್ ಒಂದು ವಿಚಿತ್ರ ಕಂಡ. ಕೆಲವರ ಕೈಗುಣ ತಿಂಗಳಿಂದ ತಿಂಗಳಿಗೆ ಒಂದೇ ದಾರಿಯಲ್ಲಿ ಇಳಿಯುತ್ತಿತ್ತು. ವಯಸ್ಸಾದವರ ಕೈ ಹಾಗೆ ಇಳಿಯುವುದಿಲ್ಲ, ಬೆರಳ ಗಂಟು ನೋಯುವವರದೂ ಹಾಗಲ್ಲ. ಹಳೆಯ ಮೌಸಿನ ಕಾಟವೂ ಹಾಗಿರುವುದಿಲ್ಲ. ಅವನು ಪ್ರಕಟವಾದ ಸಂಶೋಧನೆಗಳನ್ನೆಲ್ಲ ಹುಡುಕಿ ಓದಿ, ಅಲ್ಲಿನ ಗ್ರಾಫಿನ ಗೆರೆಯ ಮೇಲೆ ಇವರ ಗೆರೆ ಇಟ್ಟು ನೋಡಿದ. ಪಾರ್ಕಿನ್ಸನ್ ಕಾಯಿಲೆಯವರ ಗೆರೆ ಅದು. ಕೈ ನಡುಗಲು ಶುರುವಾಗುವ ಎಷ್ಟೋ ವರ್ಷ ಮೊದಲೇ, ಡಾಕ್ಟರ ಕಣ್ಣಿಗಾಗಲಿ ರೋಗಿಯ ಅನುಭವಕ್ಕಾಗಲಿ ಏನೂ ಬರದಿದ್ದಾಗಲೇ, ಆ ಗೆರೆ ಇಳಿಯತೊಡಗಿರುತ್ತದೆ.

ಅಂಥವರು ಸೋಲುತ್ತ ಸೋಲುತ್ತ ಆಟ ಬಿಟ್ಟುಹೋಗುತ್ತಿದ್ದರು. ಜಾಹೀರಾತು ನೋಡುವವರು ಕಡಿಮೆಯಾದರೆ ಕಂಪನಿಗೆ ನಷ್ಟ. ಆಗ ತನ್ವೀರನೇ ಒಂದು ಉಪಾಯ ಮಾಡಿದ. ಕೈಗುಣ ಇಳಿದವರಿಗೆ ಆಟವೇ ಕಣ್ಣಿಗೆ ಕಾಣದಷ್ಟು ನಿಧಾನವಾಗುವಂತೆ ಬರೆದ. ಅದಕ್ಕೆ ‘ಊರುಗೋಲು’ ಎಂದು ಹೆಸರಿಟ್ಟ. ಹಳದಿ ಚುಕ್ಕಿಗಳೆಂದರೆ ಊರುಗೋಲು ಹಿಡಿದವರು.

ಅವನಿಗೆ ಜಾಹೀರಾತಿನ ಚಿಂತೆ ಇರಲಿಲ್ಲ. ಅವನ ಅಬ್ಬಾ ಹಳೇ ಹುಬ್ಬಳ್ಳಿಯಲ್ಲಿ ಕೇರಂ ಆಟಕ್ಕೆ ಹೆಸರಾದವರು. ಇದೇ ಕಾಯಿಲೆ ಬಂದು ಕೈ ಅದುರತೊಡಗಿದ ಮೇಲೂ ಸಂಜೆ ಮಸೀದಿ ಪಕ್ಕದ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಗೆಳೆಯರು ಗೌರವದಿಂದ ಚಹಾ ಕೊಡಿಸುತ್ತಿದ್ದರು, ಆಟಕ್ಕೆ ಮಾತ್ರ ಕರೆಯುತ್ತಿರಲಿಲ್ಲ. ಆ ಮುಖ ತನ್ವೀರನಿಗೆ ಮರೆತಿರಲಿಲ್ಲ. ಅಂಥ ಒಬ್ಬರಿಗಾದರೂ ಆಟ ಉಳಿಯಲಿ ಎಂದು ಅವನು ಊರುಗೋಲು ಮಾಡಿದ್ದ.

ಶೈಲಜಾಳ ದೂರನ್ನು ಅವನು ತನ್ನ ಮೇಲಧಿಕಾರಿ ಸುಮಂತ್ ಐತಾಳರಿಗೆ ತೋರಿಸಿದ. ಐತಾಳರು ಕುಂದಾಪುರದ ಕಡೆಯವರು. ಓದಿ ನಕ್ಕುಬಿಟ್ಟರು.

“ಗೆದ್ದದ್ದಕ್ಕೆ ದೂರು ಕೊಟ್ಟವರನ್ನು ಇದೇ ಮೊದಲು ನೋಡಿದ್ದು ಮಾರಾಯ.”

“ಸರ್, ಇವರ ಕೈಗುಣ ಒಂದೂವರಿ ವರ್ಷದಿಂದ ಇಳೀಲಿಕ್ಕತ್ತೈತಿ. ಅವರಿಗೆ ಗೊತ್ತಿಲ್ಲ.”

“ನಮಗೂ ಗೊತ್ತಿಲ್ಲ ಅಂತ ಇಟ್ಟುಕೋ. ನಾವೆಂತ ಡಾಕ್ಟರಾ? ಕಾಯಿಲೆ ಹೇಳಲಿಕ್ಕೆ ನಮಗೆ ಪರವಾನಗಿ ಉಂಟಾ? ನಾಳೆ ತಪ್ಪಾದರೆ ಕೋರ್ಟಿಗೆ ಹೋಗುವವರು ಯಾರು?”

“ತಪ್ಪಾಗೋದು ಕಡಿಮಿ ಸರ್.”

“ಸರಿಯಾದರೂ ಅಷ್ಟೇ.” ಐತಾಳರು ನಗು ನಿಲ್ಲಿಸಿ ಮೆಲ್ಲಗೆ ಕೇಳಿದರು, “ಹೇಳಿದ ಮೇಲೆ ಎಂತ ಕೊಡ್ತಿ ಅವರಿಗೆ? ಗುಣ ಮಾಡುವ ಮದ್ದು ಉಂಟಾ? ಇಲ್ಲ. ಇನ್ನು ನಾಲ್ಕು ವರ್ಷ ಅವರು ನೆಮ್ಮದಿಯಿಂದ ಇರುವವರು. ಆ ನಾಲ್ಕು ವರ್ಷವನ್ನೂ ನೀನೇ ತೆಗೆದುಬಿಡ್ತಿಯಲ್ಲ.”

ತನ್ವೀರ್ ತನ್ನ ಮೇಜಿಗೆ ಮರಳಿ ಶೈಲಜಾಳ ದೂರನ್ನು ಮತ್ತೆ ತೆರೆದ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು, ನಮ್ಮ ತಂಡ ಪರಿಶೀಲಿಸುತ್ತಿದೆ’ ಎಂಬ ಸಿದ್ಧ ಉತ್ತರ ಕಳಿಸಿದ. ಅರ್ಧ ಗಂಟೆಯಲ್ಲಿ ಮರುಮಾತು ಬಂತು: ‘ಮಷೀನಿನ ಉತ್ತರ ಬೇಡ. ನಿಮ್ಮಲ್ಲಿ ಮನುಷ್ಯರು ಯಾರಾದರೂ ಇದ್ದರೆ ಮಾತಾಡಿ.’

ಆ ವಾರಪೂರ್ತಿ ಅವನು ಅದನ್ನು ಮತ್ತೆ ಮತ್ತೆ ತೆರೆದು ಓದಿದ. ಭಾನುವಾರ ಯಾರಿಗೂ ಹೇಳದೆ ಗದಗಿನ ಪ್ಯಾಸೆಂಜರ್ ರೈಲು ಹತ್ತಿದ.

ಅವನು ಹೋದಾಗ ಶೈಲಜಾ ಅಂಗಡಿಯ ಶಟರ್ ಅರ್ಧ ಇಳಿಸಿ ಬೇಡವಾದ ಕಾಗದಗಳನ್ನು ಹರಿದು ಚೀಲಕ್ಕೆ ತುಂಬುತ್ತಿದ್ದಳು. ಮಹಾಂತೇಶ ಪ್ರಿಂಟರಿನ ಧೂಳು ಒರೆಸುತ್ತಿದ್ದ. ತನ್ವೀರ್ ತನ್ನ ಹೆಸರು ಹೇಳಿ, ಚಾವಡಿಯಿಂದ ಬಂದಿದ್ದೇನೆ ಎಂದ.

“ಅಂತೂ ಮನುಷ್ಯಾರು ಅದಾರ!” ಎಂದು ಅವಳು ಕುರ್ಚಿ ಎಳೆದು ಕೊಟ್ಟಳು. ಎದುರಿನ ಹೋಟೆಲಿನಿಂದ ಚಹಾ ತರಿಸಿದಳು. ಅವನು ಬಾಯಿ ಬಿಡುವ ಮೊದಲೇ ತನ್ನ ವಾದ ಮಂಡಿಸಿದಳು. ಹಿಂದೆ ಆಟಗಳು ಹೇಗಿದ್ದವು, ಈಗ ಹೇಗೆ ಮೆತ್ತಗಾಗಿವೆ, ಸುಳ್ಳು ಗೆಲುವು ಕೊಟ್ಟು ಜನರನ್ನು ಹಿಡಿದಿಡುವುದು ಎಂಥ ಹೊಲಸು ಬುದ್ಧಿ, ಎಲ್ಲವನ್ನೂ ಹೇಳಿದಳು. ಚಹಾ ಆರಿತು. ತನ್ವೀರ್ ತಲೆಯೆತ್ತಲಿಲ್ಲ.

“ಏನರೆ ಮಾತಾಡ್ರಿ. ಅಷ್ಟ ದೂರದಿಂದ ಸುಮ್ನ ಕೂಡಾಕ ಬಂದೀರೇನು?”

“ಅಕ್ಕಾರ, ನೀವು ಹೇಳಿದ್ದು ಖರೇ ಐತ್ರಿ. ಆಟ ನಿಮಗ ಕಾಯತೈತಿ. ಎಲ್ಲಾರಿಗೂ ಕಾಯಂಗಿಲ್ಲ.”

“ಮತ್ತ ನನಗ ಯಾಕ?”

“ನಿಮ್ಮ ಕೈ ಸಲುವಾಗಿ.”

ಅವನು ಹೇಳಿದ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ನಡುವಿನಿಂದ ಶುರು ಮಾಡಿದ, ಹಿಂದಕ್ಕೆ ಹೋದ, ಕಾಯಿಲೆಯ ಹೆಸರನ್ನು ಎಲ್ಲಕ್ಕಿಂತ ಕೊನೆಗೆ ಹೇಳಿದ. ಮಹಾಂತೇಶನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಶೈಲಜಾ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿದಳು. ಅದು ಅಲುಗಾಡದೆ, ಸುಮ್ಮನೆ ಬಿದ್ದಿತ್ತು.

“ಏನೂ ನಡಗವಲ್ದಲ್ಲ.”

“ಈಗ ನಡಗಂಗಿಲ್ರಿ. ಮುಂದ.”

“ಖಾತ್ರಿ ಏನು?”

“ನೂರಕ್ಕ ನೂರು ಖಾತ್ರಿ ಇಲ್ರಿ. ಆದ್ರ...” ತನ್ವೀರ್ ಸ್ವಲ್ಪ ಹಿಂಜರಿದು ಕೇಳಿದ, “ಈ ಜಡ್ಡಿನ್ಯಾಗ ಮೊದಲ ವಾಸನಿ ಹೋಗತೈತಿ ಅಂತಾರ. ನಿಮಗ ವಾಸನಿ ಮೊದಲಿನಂಗ ಬರತೈತೇನ್ರಿ?”

ಶೈಲಜಾ ಗಂಡನ ಕಡೆ ನೋಡಿದಳು. ಮೊನ್ನೆ ಒಗ್ಗರಣೆ ಹೊತ್ತಿದ ವಾಸನೆ ಹಿತ್ತಲಿನವರೆಗೂ ಹೋಗಿದ್ದರೂ ಅವಳು ಅರಿವಿಲ್ಲದೆ ಅಡುಗೆಮನೆಯಲ್ಲೇ ಬೆನ್ನು ತಿರುಗಿಸಿ ನಿಂತಿದ್ದಳು. ಹಿತ್ತಲಿನಿಂದ ಓಡಿಬಂದು ಒಲೆ ಆರಿಸಿದವನು ಅವನು. ಮಹಾಂತೇಶ ಈಗ ಬಹಳ ಸಣ್ಣ ದನಿಯಲ್ಲಿ ಮಾತಾಡಿದ.

“ನೀ ನಡಿಯೂಮುಂದ ಬಲಗೈ ಬೀಸೂದ ಬಿಟ್ಟೀದಿ. ನಾ ನೋಡೀನಿ. ದಿನಾ ಹುಡುಗೂರ ನಡಿಗಿ ನೋಡಾಂವ ನಾ. ಏನೋ ಸಿಟ್ಟಿನ್ಯಾಗ ಇರಬೇಕು ಅನ್ಕೊಂಡಿದ್ದೆ.”

ಶೈಲಜಾ ಕಂಪ್ಯೂಟರ್ ಕಡೆ ತಿರುಗಿದಳು.

“ಅದನ್ನ ತಗೀರಿ. ಆ ಊರುಗೋಲು. ನಂದಷ್ಟ ತಗೀರಿ ಸಾಕು.”

“ಬ್ಯಾಡ್ರಿ ಅಕ್ಕಾರ.”

“ತಗೀರಿ ಅಂದೆ.”

ತನ್ವೀರ್ ತನ್ನ ಲ್ಯಾಪ್‌ಟಾಪ್ ತೆರೆದು ಅವಳ ಹೆಸರಿನ ಮುಂದಿದ್ದ ಒಂದು ಗುರುತನ್ನು ಅಳಿಸಿದ. ಅವಳು ಗಿರಣಿ ಹಕ್ಕಿ ಆಡಿದಳು. ಹಕ್ಕಿ ಬಿತ್ತು. ಮತ್ತೆ ಆಡಿದಳು, ಮತ್ತೆ ಬಿತ್ತು. ಚಕ್ರ ಯಾವಾಗ ಬರುತ್ತದೆಂದು ಅವಳ ಕಣ್ಣಿಗೆ ಸರಿಯಾಗಿ ಗೊತ್ತಾಗುತ್ತಿತ್ತು. ಬೆರಳಿಗೆ ಒತ್ತು ಎಂದು ಹೇಳುತ್ತಲೂ ಇದ್ದಳು. ಬೆರಳು ಕೇಳುತ್ತಿತ್ತು, ಆದರೆ ತಡವಾಗಿ ಕೇಳುತ್ತಿತ್ತು. ಆಡುತ್ತ ಆಡುತ್ತ ಅವಳ ಕಣ್ಣಲ್ಲಿ ನೀರು ತುಂಬಿ ಪರದೆ ಕಾಣದಾಯಿತು. ಮಹಾಂತೇಶ ಬಂದು ಅವಳ ಕೈಯಿಂದ ಮೌಸ್ ಬಿಡಿಸಿದ.

ಹೊರಡುವಾಗ ತನ್ವೀರ್ ಬಾಗಿಲಲ್ಲಿ ನಿಂತ. “ದಿನಾ ನಡೀರಿ, ವ್ಯಾಯಾಮ ಮಾಡ್ರಿ. ಅದರಿಂದ ಸ್ವಲ್ಪ ಅನುಕೂಲ ಆಗತೈತಿ ಅಂತಾರ. ಮತ್ತ ನಾ ಬಂದಿದ್ದು...”

“ಯಾರಿಗೂ ಹೇಳಂಗಿಲ್ಲ ತಗೋರಿ.” ಶೈಲಜಾ ಮುಖ ಒರೆಸಿಕೊಂಡು ಕೇಳಿದಳು, “ನನ್ನಂಥಾವ್ರು ಎಷ್ಟ ಮಂದಿ ಅದಾರ?”

“ನಾಕ್ ಸಾವಿರದ ಮ್ಯಾಲ.”

“ಅವ್ರಿಗೆ ಯಾರಿಗೂ ಗೊತ್ತಿಲ್ಲ?”

“ಇಲ್ರಿ. ಗೆಲ್ಲಾಕತ್ತಾರ. ಖುಷಿಯಿಂದ ಅದಾರ.”

ಹುಬ್ಬಳ್ಳಿಯ ನರರೋಗ ತಜ್ಞರು ಅವಳನ್ನು ನಡೆಸಿ, ಬೆರಳು ಆಡಿಸಿ, ಮೊಣಕೈ ಮಡಿಸಿ ನೋಡಿದರು. ಅನುಮಾನಕ್ಕೆ ಆಸ್ಪದವಿದೆ, ಈಗಲೇ ಏನನ್ನೂ ಹೇಳಲು ಬರುವುದಿಲ್ಲ, ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಮಾತ್ರೆ ಬರೆಯಲಿಲ್ಲ. ಆಟವೊಂದು ಹೇಳಿತು ಎಂದಾಗ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಆಟ ಆಡೂದು ಕಡಿಮಿ ಮಾಡ್ರಿ” ಎಂದು ನಕ್ಕರು. ಅವರ ನಗುವಿನಲ್ಲಿ ಕೆಟ್ಟತನವಿರಲಿಲ್ಲ.

ಇದರಿಂದ ಶೈಲಜಾಳ ಸ್ಥಿತಿ ಇನ್ನಷ್ಟು ಕಷ್ಟವಾಯಿತು. ಕಾಯಿಲೆ ಇದೆ ಎಂದು ಗೊತ್ತು, ಕಾಯಿಲೆ ಮಾತ್ರ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಎದ್ದೊಡನೆ ಕೈ ಚಾಚಿ ನೋಡುವುದು ಅಭ್ಯಾಸವಾಯಿತು. ಅರ್ಜಿಗೆ ಸಹಿ ಹಾಕುವಾಗ ಅಕ್ಷರ ಸಣ್ಣದಾಯಿತೇ ಎಂದು ಹಳೆಯ ಸಹಿಯ ಪಕ್ಕ ಇಟ್ಟು ನೋಡುವಳು. ಮಹಾಂತೇಶ ಅವಳು ಲೋಟ ಎತ್ತುವುದನ್ನು ಕದ್ದು ನೋಡುತ್ತಿದ್ದ, ಅವಳು ತಿರುಗಿದರೆ ಕಿಟಕಿಯತ್ತ ಮುಖ ಮಾಡುತ್ತಿದ್ದ.

ಪುಟದಲ್ಲಿ ಬರೆಯಬೇಕೋ ಬೇಡವೋ ಎಂದು ಅವಳು ಬಹಳ ದಿನ ಒದ್ದಾಡಿದಳು.

“ಬರೀಬ್ಯಾಡ,” ಎಂದ ಮಹಾಂತೇಶ. “ನಿನಗ ಗೊತ್ತಾಗಿ ಏನ್ ಸುಖ ಬಂತು? ಮಂದಿ ನಕ್ಕೋತ ಆಡಾಕತ್ತಾರ, ಆಡ್ಲಿ ಬಿಡು.”

“ನನಗ ತಿಳೀದಂಗ ನನ್ನ ಕೈಯಿನ ಸುದ್ದಿ ಯಾವನೋ ಗ್ವಾಡಿಗೆ ಹಾಕ್ಕೊಂಡು ನೋಡ್ತಿದ್ನಲ್ಲರೀ. ನನಗ ತಡಿಯಾಕ ಆಗವಲ್ದು. ಅವರಿಗೂ ಆಗಂಗಿಲ್ಲ.”

“ನಿನ್ನಂಗ ಎಲ್ಲಾರೂ ಇರಂಗಿಲ್ಲ.”

ಅವಳು ಬರೆದಳು. ತನ್ವೀರನ ಹೆಸರು ಎತ್ತಲಿಲ್ಲ. ತನಗೆ ಏನಾಯಿತು, ಏನು ತಿಳಿಯಿತು ಎಂದಷ್ಟೇ ಹೇಳಿ, ಬೇರೆಯವರ ಖಾತೆಯ ಪಕ್ಕ ಕೂತು ಆಡಿದರೆ ಆಟ ಕಾಯುತ್ತದೋ ಇಲ್ಲವೋ ಕಾಣುತ್ತದೆ ಎಂದು ವಿವರಿಸಿದಳು. ‘ತಿಳಿಯಬೇಕು ಎನ್ನುವವರು ನೋಡಿಕೊಳ್ಳಿ. ಬೇಡ ಎನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಿ’ ಎಂದು ನಡುವೆ ಒಂದು ಸಾಲು ಸೇರಿಸಿದಳು. ಆ ಸಾಲಿನಲ್ಲಿ ಓದು ನಿಲ್ಲಿಸಿದವರು ಯಾರೂ ಇರಲಿಲ್ಲ.

ಬರಹ ಊರೂರಿಗೆ ಹಬ್ಬಿತು. ಮನೆಮನೆಗಳಲ್ಲಿ ಜನ ಜೋಡಿಯಾಗಿ ಕೂತು ಗಿರಣಿ ಹಕ್ಕಿ ಆಡಿದರು. ಬಹುಪಾಲು ಜನ ಸೋತು, ಸೋತಿದ್ದಕ್ಕೆ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗೆದ್ದವರ ಮನೆಯಲ್ಲಿ ಒಲೆ ಹತ್ತಲಿಲ್ಲ. ಖಾಸಗಿ ಬಸ್ಸಿನ ಮಾಲೀಕನೊಬ್ಬ ತನ್ನ ಚಾಲಕರನ್ನೆಲ್ಲ ಸಾಲಾಗಿ ಕೂರಿಸಿ ಆಡಿಸಿ, ಗೆದ್ದವನಿಗೆ ಮರುದಿನದಿಂದ ಬರಬೇಡ ಎಂದ. ಹೆಣ್ಣು ನೋಡಲು ಬಂದವರು ಹುಡುಗಿಯ ತಾಯಿಯನ್ನು ಮೊಬೈಲ್ ಮುಂದೆ ಕೂರಿಸಿದ ಸುದ್ದಿ ಬಂತು. ಮೊಬೈಲಿನಲ್ಲಿ ಆ ಅಳತೆ ಸರಿಯಾಗಿ ಹತ್ತುವುದಿಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಕೇಳುವ ಸ್ಥಿತಿ ಇರಲಿಲ್ಲ. ಬಡಗಿಗಳು, ಚಿನ್ನದ ಕೆಲಸದವರು, ಸೂಜಿ ಚುಚ್ಚುವ ನರ್ಸುಗಳು ಹೆದರಿ ಕೂತರು.

ಚಾವಡಿ ಕಂಪನಿ ಎಲ್ಲವನ್ನೂ ಅಲ್ಲಗಳೆಯಿತು. ಸಾಕ್ಷಿ ಉಳಿಯಬಾರದೆಂದು ಐತಾಳರು ಊರುಗೋಲನ್ನು ಎಲ್ಲರಿಂದಲೂ ಒಂದೇ ದಿನ ತೆಗೆಸಿದರು. ತೆಗೆಯಲು ಹೇಳಿದ್ದು ತನ್ವೀರನಿಗೇ. ಅವನು ಗುಂಡಿ ಒತ್ತಿದ. ಗೋಡೆಯ ಮೇಲಿನ ಹಳದಿ ಚುಕ್ಕಿಗಳೆಲ್ಲ ಹಸಿರಾದವು. ನಾಲ್ಕು ಸಾವಿರ ಜನ, ಅವಳ ಬರಹ ಓದದವರು ಕೂಡ, ಅಂದು ಬೆಳಿಗ್ಗೆ ಆಡಲು ಕೂತು ಇದ್ದಕ್ಕಿದ್ದಂತೆ ಸೋತರು. ಯಾಕೆ ಸೋತೆವು ಎಂದು ಸಂಜೆಯೊಳಗೆ ಪಕ್ಕದ ಮನೆಯವರಿಂದ ಕೇಳಿ ತಿಳಿದರು. ಮರುವಾರ ತನ್ವೀರ್ ರಾಜೀನಾಮೆ ಕೊಟ್ಟು ಹೊರಬಂದ. ಅವನನ್ನು ಯಾರೂ ತಡೆಯಲಿಲ್ಲ.

ಆ ದಿನಗಳಲ್ಲೇ ವಿರೂಪಾಕ್ಷಪ್ಪ ಕಂಠಿ ಶೈಲಜಾಗೆ ಫೋನ್ ಮಾಡಿದರು. ಅಷ್ಟು ವರ್ಷದಲ್ಲಿ ಅವರ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು.

“ತಂಗೀ, ನಾ ಕಂಠಿ. ಇಳಕಲ್ಲಿಂದ.”

“ಕಾಕಾರ! ಹೆಂಗ ಅದೀರಿ?”

“ಹೆಂಗಿರಲಿ? ನಿನ್ನ ಮಾತ ಕೇಳಿ ಮಗನ್ನ ಬಾಜೂಕ ಕೂಡಿಸ್ಕೊಂಡು ಆಡಿದೆ.” ಅವರು ಕೆಮ್ಮಿದರು. “ಈಗ ಸೊಸಿ ನನಗ ಸ್ಟೀಲಿನ ಲೋಟದಾಗ ಚಾ ಕೊಡ್ತಾಳ. ಮೊದಲ ಕಪ್ಪಿನ್ಯಾಗ ಕೊಡ್ತಿದ್ಲು. ಮೊಮ್ಮಗನ್ನ ಎತ್ಕೋಬ್ಯಾಡ್ರಿ ಅಂತಾಳ. ಕೈ ಇನ್ನೂ ಗಟ್ಟಿ ಅದಾವ ಅಂದ್ರ ಕೇಳಂಗಿಲ್ಲ.”

“ಕಾಕಾರ, ನಾ...”

“ನಾ ಎಪ್ಪತ್ತು ದಾಟ್ದಾಂವ. ಕೈ ನಡಗೂದ್ರಾಗ ಹೋಗೇ ಬಿಡ್ತಿದ್ದೆ ಏನೋ. ಅಲ್ಲೀತನಾ ದಿನಾ ಮುಂಜಾನೆ ಗೆಲ್ತಿದ್ದೆ. ಅದೊಂದ ಇತ್ತು ನನಗ.” ಅವರ ದನಿ ಏರಲಿಲ್ಲ. “ನನಗ ಹೇಳು ಅಂತ ನಾ ನಿನ್ನ ಕೇಳಿದ್ನೇನವಾ?”

ಆ ಕಡೆ ಸ್ವಲ್ಪ ಹೊತ್ತು ಉಸಿರು ಕೇಳಿಸಿತು. ಆಮೇಲೆ ಫೋನ್ ನಿಂತಿತು. ಮರುದಿನದಿಂದ ಅವಳ ಪುಟದಲ್ಲಿ ಅವರ ಎರಡು ಮಾತು ಬರುವುದೂ ನಿಂತಿತು. ಅವಳು ಹಲವು ಸಲ ಫೋನ್ ಮಾಡಿದಳು. ಗಂಟೆ ಬಾರಿಸುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ಅವಳು ಬರೆಯುವುದನ್ನು ಬಿಟ್ಟಳು. ಕೊನೆಗೊಂದು ದಿನ ತನ್ವೀರನಿಗೆ ಫೋನ್ ಮಾಡಿದಳು. ಅವನು ಆಗ ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ.

“ತನ್ವೀರ್, ನಮ್ಮಂಥಾವ್ರಿಗೆ ಒಂದು ಆಟ ಮಾಡಿಕೊಡ್ರಿ. ಕೈ ಅಳತಿ ಮಾಡೂದು ಬ್ಯಾಡ, ಜಾಹೀರಾತು ಬ್ಯಾಡ. ಕದ್ದು ಗೆಲ್ಲಿಸೂದಂತೂ ಬ್ಯಾಡ ಬ್ಯಾಡ. ವೇಗ ಎಷ್ಟ ಇರಬೇಕು ಅನ್ನೂದನ್ನ ಆಡಾಂವನ ಕಣ್ ಮುಂದ ಇಡ್ರಿ. ಬೇಕಾದ್ರ ಅವ ಕಡಿಮಿ ಮಾಡ್ಕೊಳ್ಳಿ, ಬ್ಯಾಡಾದ್ರ ಬಿಡ್ಲಿ.”

ಅವನಿಗೆ ಅದನ್ನು ಮಾಡಲು ನಾಲ್ಕು ತಿಂಗಳು ಬೇಕಾಯಿತು. ಮಳೆಯಲ್ಲಿ ನೆನೆಯದಂತೆ ಗೂಡಿಗೆ ಕಾಳು ಸಾಗಿಸುವ ಇರುವೆಯ ಆಟ. ಪರದೆಯ ಮೂಲೆಯಲ್ಲಿ ವೇಗ ಬದಲಿಸುವ ಒಂದು ಗುಂಡಿ. ಮೌಸಿನಿಂದ ಹಿಡಿದು ಎಡಕ್ಕೆ ಜರುಗಿಸಿದರೆ ನಿಧಾನ, ಬಲಕ್ಕೆ ಜರುಗಿಸಿದರೆ ಜೋರು. ಶೈಲಜಾ ಆಡಿ ನೋಡಿ ಸರಿಯಾಗಿದೆ ಎಂದಳು. ಆಟವನ್ನು ಅವಳ ಪುಟದಲ್ಲೇ ಎಲ್ಲರಿಗೂ ಸಿಗುವಂತೆ ಇಟ್ಟರು. ಅದರ ವಿಳಾಸವನ್ನು ಅವಳು ವಿರೂಪಾಕ್ಷಪ್ಪನವರಿಗೆ ಕಳಿಸಿದಳು. ಉತ್ತರ ಬರಲಿಲ್ಲ.

ಆಟಕ್ಕೆ ಹೆಚ್ಚು ಜನ ಬರಲಿಲ್ಲ. ಬಂದವರು ಒಂದೆರಡು ದಿನ ಆಡಿ ಹೋದರು. ತಮ್ಮ ಕೈಯಾರೆ ವೇಗ ಕಡಿಮೆ ಮಾಡಿಕೊಂಡು ಗೆಲ್ಲುವುದು ಬಹಳ ಜನಕ್ಕೆ ಸೋಲಿನಂತೆಯೇ ಕಂಡಿತು. ಮರುವರ್ಷ ಶೈಲಜಾಳ ಬಲಗೈ ಹೆಬ್ಬೆರಳು, ಸುಮ್ಮನಿದ್ದಾಗ, ನಾಣ್ಯ ಎಣಿಸುವಂತೆ ತಾನೇ ಆಡತೊಡಗಿತು. ತಜ್ಞರು ಈಗ ನಗದೆ ಮಾತ್ರೆ ಬರೆದುಕೊಟ್ಟರು. ಅಂಗಡಿಯಲ್ಲಿ ಅರ್ಜಿ ತುಂಬುವ ಕೆಲಸವನ್ನು ಸಂಜೆ ಮಹಾಂತೇಶ ಬಂದ ಮೇಲೆ ಅವನಿಂದ ಮಾಡಿಸುತ್ತಿದ್ದಳು.

ಆಷಾಢದ ಒಂದು ಮುಂಜಾನೆ ಅಂಗಡಿ ತೆರೆದು ಕಂಪ್ಯೂಟರ್ ಹಚ್ಚಿದಾಗ ಇರುವೆ ಆಟದ ಕೆಳಗೆ ಒಂದು ಅಭಿಪ್ರಾಯ ಬಂದಿತ್ತು. ಬರೆದವರು ವಿ. ಕಂಠಿ, ಇಳಕಲ್ಲ.

‘ಆಟ ಒಂದ ನಮೂನಿ ಅದ. ಸಪ್ಪಗ ಅದ. ಇರವಿ ಹೋಗೂ ದಾರಿ ಇನ್ನಷ್ಟು ತಿರುವು ಮುರುವು ಇರಬೇಕಿತ್ತು. ದೊಡ್ಡ ದೋಷ ಅಂದ್ರ ವೇಗದ ಗುಂಡಿ. ಭಾಳ ಸಣ್ಣದು ಮಾಡೀರಿ. ನಡಗೂ ಕೈಗೆ ಹತ್ತಂಗಿಲ್ಲ. ಯಾರ ಸಲುವಾಗಿ ಮಾಡೀರೋ ಅವರನ್ನ ಒಮ್ಮೆ ಕೇಳಿ ಮಾಡಬೇಕಿತ್ತು.’

ಶೈಲಜಾ ಅದನ್ನು ಎರಡು ಸಲ ಓದಿದಳು. ಆಮೇಲೆ ಆಟ ತೆರೆದು ಮೌಸನ್ನು ಆ ಗುಂಡಿಯತ್ತ ಒಯ್ದಳು. ಬಾಣದ ಗುರುತು ಗುಂಡಿಯನ್ನು ದಾಟಿ ಆಚೆ ಹೋಯಿತು. ಹಿಂದಕ್ಕೆ ತಂದಳು, ಈಚೆ ಬಂದು ನಿಂತಿತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು ಮತ್ತೊಮ್ಮೆ ಪ್ರಯತ್ನಿಸಿದಳು. ಗುಂಡಿ ಸಿಗಲಿಲ್ಲ.

ಅವಳು ಧಾರವಾಡಕ್ಕೆ ಫೋನ್ ಮಾಡಿದಳು.

“ತನ್ವೀರ್, ಕಂಠಿ ಕಾಕಾ ಬರದಾರ. ಆ ಗುಂಡಿ ದೊಡ್ಡದು ಮಾಡಬೇಕಂತ.”

“ನೀವ ನೋಡಿ ಒಪ್ಪಿದ್ರೆಲ್ಲರೀ ಅಕ್ಕಾರ ಆಗ?”

“ಆಗ ಹತ್ತಿತ್ತು,” ಎಂದಳು ಶೈಲಜಾ. “ಈಗ ನನಗೂ ಹತ್ತವಲ್ದು.”